ಟೈಲರಮ್ಮನ ರಿಪೇರಿ

ಸ್ಪ್ಯಾನರ್ ಜಾರಿತು. ಟೈಲರಮ್ಮನ ಬೆರಳ ಗೆಣ್ಣು ಎಂಜಿನ್ನಿನ ಅಂಚಿಗೆ ಬಡಿದು ಚರ್ಮ ಕಿತ್ತುಬಂತು. ಅವಳು ರಕ್ತವನ್ನು ಬಟ್ಟೆಯ ಚೂರಿಗೆ ಒರೆಸಿ, ಮತ್ತೆ ಬಾನೆಟ್ಟಿನ ಕೆಳಗೆ ತಲೆ ತೂರಿಸಿದಳು.

“ಅಕ್ಕಾ, ಏನು ನಿನ್ನ ಕಥೆ?” ತಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. “ಒಂದು ವರ್ಷ ಈ ಕಾರಿನ ಹೊದಿಕೆ ಮುಟ್ಟೋಕೂ ಬಿಡಲಿಲ್ಲ. ಈಗೇನಿದು?”

“ಆಲ್ಟರ್ನೇಟರ್ ಪುಲ್ಲಿ ಹೋಗಿದೆ. ಹೊಸದು ಹಾಕ್ತಿದೀನಿ.”

“ಊರಲ್ಲಿ ಮೆಕ್ಯಾನಿಕ್‌ಗಳಿಗೆ ಬರಗಾಲವಾ?”

“ಇದಕ್ಕೆ ಬೇರೆಯವರ ಕೈ ಬೇಡ. ನಾನೇ ಮಾಡಬೇಕು.”

ಅವಳು ಅದನ್ನು ಹೇಳಿದ ರೀತಿಗೆ ತಮ್ಮ ಬಾಗಿಲು ಬಿಟ್ಟು ಒಳಗೆ ಬಂದ.

ಕಾರು ಅವಳ ಮಗಳದು. ಮದುವೆಯಾದ ವರ್ಷ ಟೈಲರಮ್ಮನೇ ಕೊಡಿಸಿದ್ದಳು. ಮಗಳು ಸತ್ತ ನಾಲ್ಕನೆಯ ದಿನ ಅದು ಲಾರಿಯ ಹಿಂದೆ ಕಟ್ಟಿಸಿಕೊಂಡು ತವರಿಗೆ ವಾಪಸು ಬಂತು. ಮೆಟ್ಟಿಲಿನಿಂದ ಜಾರಿ ಬಿದ್ದಳು ಎಂದ ಅಳಿಯ. ಪೊಲೀಸರು ಹಾಗೆಯೇ ಬರೆದುಕೊಂಡರು. ಆ ಮನೆಗೆ ಇದ್ದದ್ದೇ ಆರು ಮೆಟ್ಟಿಲು. ಹಿಂದಿನ ಸೀಟಿನಲ್ಲಿ ಮಗಳೇ ಬಟ್ಟೆ ತುಂಬಿಟ್ಟಿದ್ದ ಚೀಲವನ್ನು ಟೈಲರಮ್ಮ ಇಳಿಸಲೇ ಇಲ್ಲ. ಅಳಿಯ ಎಂಟು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಮದುವೆಯಾದ.

ಹೋದ ವಾರ ಆ ಹೊಸ ಹೆಂಡತಿ, ಯಾರ ಅಂಗಡಿ ಎಂದು ತಿಳಿಯದೆ, ಹೊಲಿಸಲು ಬಂದಿದ್ದಳು. ಆರು ಅಂಗಿ. ಅಳತೆ ಕೊಡುತ್ತ ಹುಡುಗಿ ಅದೂ ಇದೂ ಮಾತಾಡಿದಳು. ಮದುವೆಗೆ ಮುಂಚೆ ಶಾಲೆಯ ವ್ಯಾನ್ ಓಡಿಸುತ್ತಿದ್ದಳಂತೆ. ಈಗ ಮನೆಯವರಿಗೆ ಇಷ್ಟವಿಲ್ಲವಂತೆ. “ತೋಳು ಮಾತ್ರ ಪೂರ್ತಿ ಉದ್ದ ಇರಲಿ ಅಮ್ಮ, ಮಣಿಕಟ್ಟು ಮುಚ್ಚಬೇಕು,” ಎಂದಳು. ಹೊರಗೆ ನೆಲ ಕಾದು ಕೆಂಡವಾಗಿತ್ತು. ಆಮೇಲೆ ವಿಳಾಸ ಬರೆಸಿದಳು. ಟೈಲರಮ್ಮನ ಪೆನ್ಸಿಲು ಅರ್ಧದಲ್ಲಿ ನಿಂತಿತು.

ಮಗಳೂ ಮೊದಲ ವರ್ಷ ಅಂಥದೇ ತೋಳು ಹೊಲಿಸಿಕೊಂಡಿದ್ದಳು. “ಈಗ ಇದೇ ಫ್ಯಾಷನ್ ಅಮ್ಮ,” ಎಂದಿದ್ದಳು. ಅಮ್ಮ ನಂಬಿದ್ದಳು.

ಅಂದೇ ಕಾರಿನ ಹೊದಿಕೆ ಕೆಳಗೆ ಬಿತ್ತು.

ಬಿಡಿಭಾಗದ ಅಂಗಡಿಯವನು ಬಂದು ನೋಡಿ ದೋಷ ಹಿಡಿದಿದ್ದ. ಬೆಲ್ಟು ಪುಲ್ಲಿಯನ್ನು ತಿರುಗಿಸುತ್ತದೆ, ಆದರೆ ಪುಲ್ಲಿಯೊಳಗೆ ಸವೆದುಹೋಗಿ ಆಲ್ಟರ್ನೇಟರ್ ತಿರುಗುವುದಿಲ್ಲ. ಬ್ಯಾಟರಿ ಚಾರ್ಜ್ ಆಗುವುದಿಲ್ಲ. “ಬ್ಯಾಟರಿಯ ಕೆಂಪು ದೀಪ ವಾರಗಟ್ಟಲೆ ಉರಿದಿರಬೇಕಲ್ಲಮ್ಮ. ಯಾರೂ ಗಮನಿಸಲಿಲ್ವಾ?”

“ನನ್ನ ಮಗಳು ಫೋನ್ ಮಾಡಿ ಹೇಳಿದ್ದಳು. ನಿನ್ನ ಗಂಡನಿಗೆ ಹೇಳಮ್ಮ, ಸರಿ ಮಾಡಿಸ್ತಾರೆ ಅಂದೆ.”

ಅವನು ಹೊಸ ಪುಲ್ಲಿಯನ್ನೂ ಹಳೆಯದನ್ನು ಬಿಚ್ಚುವ ವಿಶೇಷ ಸ್ಪ್ಯಾನರನ್ನೂ ಕೊಟ್ಟ.

ಮೂವತ್ತು ವರ್ಷ ಹೊಲಿಗೆ ಯಂತ್ರದ ಬೆಲ್ಟು ಬದಲಾಯಿಸಿದ ಕೈ. ಬ್ಯಾಟರಿಯ ತಂತಿ ಕಳಚಿದಳು. ಬೆಲ್ಟು ಯಾವ ಚಕ್ರದ ಮೇಲೆ, ಯಾವುದರ ಕೆಳಗೆ ಹಾಯುತ್ತದೆಂದು ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದುಕೊಂಡಳು. ಬಿಗಿ ಸಡಿಲಿಸಿ ಬೆಲ್ಟು ಬಿಡಿಸಿದಳು. ಹಳೆಯ ಪುಲ್ಲಿ ಮಾತ್ರ ಹಟ ಹಿಡಿದಿತ್ತು.

“ನೀನು ಮೂರು ದಿನದಿಂದ ಆ ಅಳಿಯನ ಬೀದೀಲಿ ನಿಂತಿರ್ತೀಯಂತೆ,” ಎಂದ ತಮ್ಮ.

“ಒಂಬತ್ತೂ ಹತ್ತಕ್ಕೆ ಹೊರಡ್ತಾನೆ. ರಸ್ತೆ ದಾಟಿ ಬಸ್ ಹತ್ತುತ್ತಾನೆ. ಅತ್ತಿತ್ತ ನೋಡೋ ಅಭ್ಯಾಸ ಇಲ್ಲ.”

“ಅಕ್ಕಾ! ಜೈಲಿಗೆ ಹೋಗ್ತೀಯ.”

“ಮತ್ತೆ, ಅವನನ್ನ ಸುಮ್ಮನೆ ಬಿಡು ಅಂತೀಯಾ?”

ಮೈಯ ಭಾರವನ್ನೆಲ್ಲ ಹಾಕಿ ಸ್ಪ್ಯಾನರ್ ಒತ್ತಿದಳು. ಟಕ್ ಎಂದು ಪುಲ್ಲಿ ಸಡಿಲವಾಯಿತು. ತಮ್ಮ ಬೆಚ್ಚಿಬಿದ್ದ.

ಹೊಸದನ್ನು ಕೂರಿಸಿ ಬಿಗಿ ಮಾಡಿ, ಗೋಡೆಯ ಗುರುತು ನೋಡುತ್ತ ಬೆಲ್ಟು ಮತ್ತೆ ಹಾಕಿದಳು. ಒಮ್ಮೆ ನೋಡಿದಳು, ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದಳು. ಚಾರ್ಜ್ ಮಾಡಿಸಿ ತಂದ ಬ್ಯಾಟರಿಗೆ ತಂತಿ ಸಿಕ್ಕಿಸಿ ಎಂಜಿನ್ ಶುರು ಮಾಡಿದಳು. ಕೆಂಪು ದೀಪ ಆರಿತು. ಟೈಲರಮ್ಮ ಆಫ್ ಮಾಡಿ ಮತ್ತೆ ಶುರು ಮಾಡಿದಳು. ಹಾಗೆ ಹನ್ನೊಂದು ಸಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರು ಅಳಿಯನ ಬೀದಿಯ ತುದಿಯಲ್ಲಿತ್ತು. ಹೊಲಿದ ಅಂಗಿಗಳ ಕಟ್ಟು ಪಕ್ಕದ ಸೀಟಿನಲ್ಲಿ. ಹತ್ತು ನಿಮಿಷಕ್ಕೆ ಗೇಟು ಕಿರುಗುಟ್ಟಿತು. ಅಳಿಯ ಮೊಬೈಲು ನೋಡುತ್ತ ರಸ್ತೆಗಿಳಿದ.

ಕಾರು ಮುಂದೆ ಸರಿಯಿತು. ಟೈಲರಮ್ಮನ ಕಾಲು ಆಕ್ಸಿಲರೇಟರಿನ ಮೇಲೆ ಭಾರವಾಯಿತು. ಇನ್ನು ಇಪ್ಪತ್ತು ಅಡಿ. ಹತ್ತು. ಆ ಕ್ಷಣ ತಾನು ಏನು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ.

ಬ್ರೇಕು ಕಿರುಚಿತು. ಅಳಿಯನ ಮೊಣಕಾಲಿಗೂ ಬಂಪರಿಗೂ ಗೇಣು ಅಂತರ. ಅವನು ಕಾರು ನೋಡಿದ, ನಂಬರ್ ನೋಡಿದ, ಆಮೇಲೆ ಅತ್ತೆಯ ಮುಖ ನೋಡಿದ. ಮುಖದ ಬಣ್ಣ ಇಳಿದುಹೋಯಿತು.

“ದಾಟ್ಕೊಳ್ಳಿ ಅಳಿಯಂದಿರೇ,” ಎಂದಳು ಟೈಲರಮ್ಮ. “ಬಸ್ ಬಂತು.”

ಅವನು ಎದ್ದೂ ಬಿದ್ದೂ ಓಡಿ ಬಸ್ಸು ಹತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕಣ್ಣು ಕೀಳಲಿಲ್ಲ.

ಆಮೇಲೆ ಕಾರನ್ನು ಅವನ ಗೇಟಿನ ಮುಂದೆ ನಿಲ್ಲಿಸಿ, ಕಟ್ಟು ಹಿಡಿದು, ಆರು ಮೆಟ್ಟಿಲು ಹತ್ತಿ ಬೆಲ್ಲು ಒತ್ತಿದಳು. ಹುಡುಗಿ ಬಾಗಿಲು ತೆರೆದಳು. ಕೆಳತುಟಿ ಒಡೆದಿತ್ತು. ಟೈಲರಮ್ಮ ಬಟ್ಟೆಯ ಕಟ್ಟು ಕೊಟ್ಟು, ಅದರ ಮೇಲೆ ಕಾರಿನ ಕೀ ಇಟ್ಟಳು.

“ಇದೇನಮ್ಮ?”

“ನಿನಗಿಂತ ಮುಂಚೆ ಈ ಮನೇಲಿ ಇದ್ದವಳು ನನ್ನ ಮಗಳು. ಅವನನ್ನ ಬಿಟ್ಟು ಹೊರಟ ದಿನ ಅವಳ ಕಾರು ಸ್ಟಾರ್ಟ್ ಆಗಲಿಲ್ಲ. ಈಗ ಆಗುತ್ತೆ. ಹೊರಡು.”