ಹದಿನಾಲ್ಕು ಸಲ ನಿಂತ ಪ್ರೆಸ್

ಹದಿನಾಲ್ಕನೆಯ ಸಲ ಪ್ರೆಸ್ ಅರ್ಧಕ್ಕೇ ನಿಂತಿತು.

ಚಾಕಣದ ಆ ಕಾರ್ಖಾನೆಯಲ್ಲಿ ಕಾರಿನ ತಗಡು ಒತ್ತುವ ಯಂತ್ರ ಅದು. ಅದನ್ನು ನಡೆಸುವ ಪ್ರೋಗ್ರಾಂ ಮೂರು ವರ್ಷದ ಹಿಂದೆ, 2003ರಲ್ಲಿ ಬರೆದದ್ದು. ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಹೊಸ ಕಂಪೈಲರ್ ಹಳೆಯ ಬರವಣಿಗೆಯನ್ನು ಒಪ್ಪುತ್ತಿರಲಿಲ್ಲ. ಹಿಂಜವಾಡಿಯ ಆಫೀಸಿನಲ್ಲಿ ಎರಡು ತಿಂಗಳು ಕೂತು, ಸಾಲು ಸಾಲು ತಿದ್ದಿ ಅದನ್ನು ಹೊಸದಕ್ಕೆ ಒಗ್ಗಿಸಿದವಳು ಮಾಧುರಿ. ನಿನ್ನೆ ಸಂಜೆ ಅಳವಡಿಸಿದ್ದಳು. ಇವತ್ತು ಬೆಳಿಗ್ಗೆಯಿಂದ ಈ ಪಾಡು.

ಸೂಪರ್‌ವೈಸರ್ ಮಲಕಪ್ಪ ದನಿ ಏರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಮೂರು ವರ್ಷ ಒಮ್ಮೆನೂ ಹಿಂಗ ನಿಂತಿದ್ದಿಲ್ರಿ ಮೇಡಂ. ನೀವು ಕೈ ಹಚ್ಚಿದ ಮ್ಯಾಲ ನಿಂತದ."

ಪ್ರೆಸ್ಸಿನ ಬಾಯಿಗೆ ಅಡ್ಡಲಾಗಿ ಒಂದು ಬೆಳಕಿನ ಕಿರಣ ಹಾಯುತ್ತದೆ. ಏನಾದರೂ ಅಡ್ಡ ಬಂದು ಕಿರಣ ತುಂಡಾದರೆ ಯಂತ್ರ ನಿಲ್ಲಬೇಕು.

"ನಿಂತಾಗ ಅಡ್ಡ ಯಾರರ ಬಂದಿದ್ರೇನ್ರಿ ಕಾಕಾ?" ಎಂದು ಕೇಳಿದಳು ಮಾಧುರಿ.

"ಯಾರೂ ಇಲ್ರಿ ಬಾಯಾರ," ಎಂದ ಯಂತ್ರ ನಡೆಸುವ ಫಕೀರಪ್ಪ, ಓರೆಯಾಗಿದ್ದ ತಗಡನ್ನು ಎರಡು ಬೆರಳಿನಿಂದ ತಟ್ಟಿ ನೇರ ಮಾಡುತ್ತ. ಇಪ್ಪತ್ತು ವರ್ಷ ಪಳಗಿದ ಕೈ. "ನಾ ಒಬ್ಬನ ಅದೀನಿ. ನನ್ನ ಕೆಲಸ ನಾ ಮಾಡಾಕತ್ತೀನಿ."

ಮಾಧುರಿ ಲ್ಯಾಪ್‌ಟಾಪ್ ತೆರೆದಳು. ಹದಿನಾಲ್ಕು ಸಲವೂ ಕಿರಣದಿಂದ ಬಂದ ಉತ್ತರ ಒಂದೇ: ಸೊನ್ನೆ. ಹಳೆಯ ಕಂಪೈಲರ್‌ಗೆ ಅಲ್ಲಿ ಸೊನ್ನೆ ಎಂದರೆ 'ಏನೂ ಬಂದಿಲ್ಲ' ಎಂದರ್ಥ. ಯಂತ್ರ ಅದನ್ನು ಲೆಕ್ಕಿಸದೆ ಮುಂದುವರಿಯುತ್ತಿತ್ತು. ಹೊಸದಕ್ಕೆ ಸೊನ್ನೆಯೂ ಒಂದು ಸಂಖ್ಯೆ, 'ನಿಲ್ಲು' ಎಂಬ ಅಪ್ಪಣೆ. ಸಾವಿರಾರು ಸಾಲುಗಳ ನಡುವೆ ಆ ಒಂದು ಸೊನ್ನೆ ಅವಳ ಕಣ್ಣು ತಪ್ಪಿಸಿತ್ತು.

"ತಪ್ಪು ನಂದ," ಎಂದಳು. ಕೆಲಸ ಹೋದಂತೆಯೇ ಅನ್ನಿಸಿತು.

"ಹಳೇದ ಹಾಕಿಬಿಡ್ರಿ," ಎಂದ ಮಲಕಪ್ಪ.

ಹಾಕಿದಳು. ಪ್ರೆಸ್ ಒಮ್ಮೆಯೂ ತಡೆಯದೆ ನಲವತ್ತು ತಗಡು ಒತ್ತಿತು. ಫಕೀರಪ್ಪ ನಿರಾಳವಾಗಿ ನಕ್ಕ. ಮಲಕಪ್ಪ ಚಹಾ ತರಿಸಿದ. ಇನ್ನೊಂದು ತಪ್ಪು ಉಳಿಯಬಾರದೆಂಬ ಭಯಕ್ಕೆ ಮಾಧುರಿ ಮಾತ್ರ ಫಕೀರಪ್ಪನನ್ನು ಹಿಂದೆ ಸರಿಸಿ, ಕಿರಣಕ್ಕೆ ಅಡ್ಡವಾಗಿ ಉದ್ದನೆಯ ಕಟ್ಟಿಗೆಯೊಂದನ್ನು ಇಟ್ಟಳು.

"ಪೆಡಲ್ ಒತ್ರಿ. ನಿಲ್ತದೋ ಇಲ್ಲೋ ನೋಡೂಣು."

"ಅದರಾಗೇನ್ ನೋಡೂದೈತ್ರಿ, ಮೂರು ವರ್ಷ ಓಡಿದ್ದು," ಎನ್ನುತ್ತಲೇ ಮಲಕಪ್ಪ ಒತ್ತಿದ.

ಪ್ರೆಸ್ ನಿಲ್ಲಲಿಲ್ಲ. ಕಟ್ಟಿಗೆ ಪುಡಿಯಾಯಿತು.

ಮಾಧುರಿ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ಫಕೀರಪ್ಪ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಆ ಸೊನ್ನೆ ಕಿರಣ ತುಂಡಾದ ಸುದ್ದಿಯೇ ಆಗಿತ್ತು. ಹೊಸ ಪ್ರೋಗ್ರಾಂ ಬೆಳಿಗ್ಗೆಯಿಂದ ತಡೆದದ್ದು ಓರೆ ತಗಡು ತಟ್ಟಲು ಚಾಚಿದ ಅವನ ಬೆರಳುಗಳ ಮೇಲೆ ಇಳಿಯುತ್ತಿದ್ದ ಪ್ರೆಸ್ಸನ್ನು. ಮೂರು ವರ್ಷ ಆ ಬೆರಳುಗಳನ್ನು ಕಾದದ್ದು ಅದೃಷ್ಟವೊಂದೇ.