ಮುಳ್ಳಿಗೆ ಬಿದ್ದ ಬಿಲ್ಲೆ

ವಾಣಿಶ್ರೀ ಎಸೆದ ಬಿಲ್ಲೆ ಗಾಳಿಗೆ ವಾಲಿ, ಬುಟ್ಟಿಯನ್ನು ದಾಟಿ, ಜಾಲಿ ಮೆಳೆಯೊಳಗೆ ಬಿದ್ದು ಕಾಣೆಯಾಯಿತು. ಶಾಮಿಯಾನದಡಿ ಕೂತ ರಾಯದುರ್ಗದ ಹೆಂಗಸರು ಚಪ್ಪಾಳೆ ತಟ್ಟಿದರು. ಎದುರಾಳಿಯ ಬಿಲ್ಲೆ ಮುಳ್ಳಿಗೆ ಬಿದ್ದಾಗ ಕೈ ತಟ್ಟಬೇಕೆಂದು ಅವರಿಗೆ ಬೆಳಿಗ್ಗೆಯೇ ಹೇಳಿಕೊಡಲಾಗಿತ್ತು.

ಇದು ಕೊನೆಯ ಬುಟ್ಟಿ. ಕಡಿಮೆ ಎಸೆತದಲ್ಲಿ ಬಿಲ್ಲೆಯನ್ನು ಬುಟ್ಟಿಗೆ ಹಾಕಿದವಳು ಗೆದ್ದಂತೆ; ಇಲ್ಲಿಯತನಕ ಹರಿತಾ, ವಾಣಿಶ್ರೀ ಇಬ್ಬರೂ ಸಮ. ಸೂಪರ್‌ವೈಸರ್ ರಾಮಾಂಜಿನೇಯ ಸೀಟಿ ಊದುವುದರೊಳಗೆ ಬಿಲ್ಲೆ ಸಿಗದಿದ್ದರೆ ಮಡಕಶಿರಾದ ವಾಣಿಶ್ರೀ ಔಟು, ರಾಯದುರ್ಗದ ಹರಿತಾ ಗೆದ್ದಂತೆ. ತನ್ನ ಯೂನಿಟ್ಟಿನವಳು ಗೆದ್ದರೆ ಅವಳಿಗೆ ಮಾದರಿ ಬಟ್ಟೆ ಹೊಲಿಯುವ ಸ್ಯಾಂಪಲ್ ರೂಮಿನಲ್ಲಿ ಕೆಲಸ ಎಂದು ರಾಯದುರ್ಗದ ಜೀನ್ಸ್ ಯೂನಿಟ್ಟಿನ ಓನರ್ ಶ್ರೀನಿವಾಸ್ ಮೈಕಿನಲ್ಲೇ ಸಾರಿದ್ದ. ಆ ರೂಮಿನಲ್ಲಿ ಫ್ಯಾನಿದೆ. ಬೆನ್ನು ಆನಿಸುವ ಕುರ್ಚಿ ಇದೆ. ಲೈನಿನಲ್ಲಿ ಜೀನ್ಸ್ ಹೊಲಿಯುವವರಿಗೆ ಇರುವುದು ಬರೀ ಸ್ಟೂಲು. ಬೆನ್ನಿಗೆ ಆಸರೆ ಕೊಟ್ಟರೆ ಹೆಂಗಸರು ನಿದ್ದೆ ಹೋಗುತ್ತಾರೆಂಬುದು ಮಾಲೀಕರು ಕಂಡುಹಿಡಿದ ಸತ್ಯ.

ಆಟವೂ ಬಿಲ್ಲೆಯೂ ರಾಯದುರ್ಗದ ಹೆಂಗಸರದೇ. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳನ್ನು ಪದರ ಪದರ ಜೋಡಿಸಿ, ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿ ಮಾಡಿದ್ದು. ಭಾನುವಾರ ಕೋಟೆಬೆಟ್ಟದ ಬುಡದಲ್ಲಿ, ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಬುಟ್ಟಿ ಇಟ್ಟು ಎಸೆಯುತ್ತಿದ್ದರು. ಯಾರದು ಎಷ್ಟು ಎಸೆತವಾಯಿತೆಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ. ಒಬ್ಬಳ ಬಿಲ್ಲೆ ಮುಳ್ಳಿಗೆ ಬಿದ್ದರೆ ಆಟ ನಿಲ್ಲುತ್ತಿತ್ತು. ಎಲ್ಲರೂ ಹುಡುಕುವುದು, ಯಾರ ಕೈಗೆ ಸಿಕ್ಕಿತೋ ಅವಳು ಮೊದಲು ಎಸೆಯುವುದು. ಇನ್ನೊಬ್ಬಳ ಬಿಲ್ಲೆಯನ್ನು ಮುಳ್ಳಲ್ಲಿ ಬಿಟ್ಟು ಮನೆಗೆ ಹೋದವರು ಇರಲಿಲ್ಲ. ಮಡಕಶಿರಾದ ಕಡೆ ಹೊಲಿಯುವವರಿಗೂ ಆಟ ಹಬ್ಬಿತು. ಅದರ ಜೊತೆ ಈ ಪದ್ಧತಿಯೂ. ಆಮೇಲೆ ಮಾಲೀಕರ ಕಣ್ಣು ಬಿತ್ತು. ಈಗ ಸೀರೆಯ ಮೇಲೆ ಯೂನಿಟ್ಟಿನ ಹೆಸರಿನ ಟೀಶರ್ಟು. ಲೈನಿನಲ್ಲಿ ಊದುವ ಅದೇ ಸೀಟಿ, ಊದುವವನೂ ಅದೇ ಸೂಪರ್‌ವೈಸರ್ ರಾಮಾಂಜಿನೇಯ. ಆಡದವರೂ ಬಂದು ಹಾಜರಿ ಹಾಕಬೇಕು.

“ನೀನ್ಯಾಕ ಹೆಸರು ಕೊಡಲಿಲ್ಲಕ್ಕ? ನಿನ್ನಷ್ಟು ನೇರ ಎಸೆಯಾಕ ಯಾರಿಗೂ ಬರಂಗಿಲ್ಲ,” ಎಂದು ಹರಿತಾ ಬೆಳಿಗ್ಗೆ ಪಕ್ಕದ ಮಿಷನ್ನಿನ ಅನಂತಮ್ಮನನ್ನು ಕೇಳಿದ್ದಳು.

“ವಾರ ಪೂರ್ತಿ ಮಿಷನ್ ಹಿಂದ ನಿಂತು ನೋಡ್ತಾರ. ಭಾನುವಾರನೂ ನೋಡಿಸ್ಕೊಳ್ಳಾಕ ನನಗೇನು ಹುಚ್ಚ?”

“ಮೈಕಿನ್ಯಾಗ ಹೆಸರು ಕರಿತಾರಕ್ಕ. ದಿನಾ ‘ಏಯ್ ಜಿಪ್ಪು’ ಅನ್ನೋರು ಇವತ್ತು ನನಗ ‘ಹರಿತಾ ಗಾರು’ ಅಂದ್ರು!” ಪ್ಯಾಂಟುಗಳಿಗೆ ಜಿಪ್ಪು ಹಚ್ಚುವುದು ಹರಿತಾಳ ಕೆಲಸ; ಹೆಸರಿನ ಮುಂದೆ ತೆಲುಗಿನ ಗೌರವದ ‘ಗಾರು’ ಅವಳಿಗೆ ಇದೇ ಮೊದಲು.

“ಅನ್ನಿಸ್ಕೋ ನನ್ನವ್ವ. ಸಂಜಿಮಟ ಅಷ್ಟ.”

ಈಗ ಆ ಅನಂತಮ್ಮನೇ ಶಾಮಿಯಾನದಿಂದ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವಾಣಿಶ್ರೀಯ ಜೊತೆ ಮೆಳೆಯೊಳಗೆ ಕೈ ಹಾಕಿದ್ದಳು.

“ಏಯ್ ಅನಂತಮ್ಮ! ಅದು ಅವರ ಬಿಲ್ಲೆ!” ರಾಮಾಂಜಿನೇಯ ಕೂಗಿದ.

“ಗೊತ್ತೈತ್ರಿ ಸಾರ್. ನೀವು ನಿಮ್ಮ ಸೀಟಿ ನೋಡ್ಕೊಳ್ರಿ.”

ಹರಿತಾಳ ಕಾಲೂ ಹೇಳದೆ ಕೇಳದೆ ಅತ್ತಲೇ ನಡೆದಿತ್ತು. ಒಣ ಎಲೆ, ಮುರಿದ ಮುಳ್ಳು ತುಳಿಯುತ್ತ ಬಗ್ಗಿದವಳ ಚಪ್ಪಲಿಯಡಿ ಏನೋ ಉಬ್ಬು ಸಿಕ್ಕಿತು. ನೋಡುವ ಅಗತ್ಯವೇ ಇರಲಿಲ್ಲ. ಸವೆದ ಅಟ್ಟೆಯ ಮೂಲಕ ಎರಡು ಸುತ್ತಿನ ಹೊಲಿಗೆ ಪಾದಕ್ಕೇ ತಾಗುತ್ತಿತ್ತು. ‘ಇಲ್ಲೈತಿ’ ಎನ್ನಲು ಬಾಯಿ ತೆರೆದಳು. ಪ್ಯಾಂಟಿನ ಮೇಲೆ ಪ್ಯಾಂಟು ಹೊಲಿಯುತ್ತ ಬಗ್ಗಿ ಬಗ್ಗಿ ಸೊಂಟದಲ್ಲಿ ಕೂತುಬಿಟ್ಟಿದ್ದ ನೋವು ಆ ಹೊತ್ತಿಗೇ ಚಳಕ್ಕೆಂದಿತು. ತೆರೆದ ಬಾಯಿ ಹಾಗೇ ಮುಚ್ಚಿತು. ಸೀರೆಯ ನೆರಿಗೆ ಇಳಿದು ಪಾದವನ್ನು ಮುಚ್ಚಿತ್ತು.

ರಾಮಾಂಜಿನೇಯ ಸೀಟಿ ಊದಿದ.

ಮತ್ತೆ ಚಪ್ಪಾಳೆ. ವಾಣಿಶ್ರೀ ಮಾತ್ರ ಮೇಲೇಳಲಿಲ್ಲ. “ಗೆಲ್ಲಾದು ಹೋಗ್ಲಿ ಬುಡಕ್ಕ. ನನ್ನ ಕೈಗೆ ಕೂತಿದ್ದ ಬಿಲ್ಲೆ ಕಣಕ್ಕ ಅದು. ಇನ್ನೊಂದು ಹೊಲ್ಕಂಡ್ರೂ ಅಂಗೆ ಬರಾಕಿಲ್ಲ.”

“ಎಲ್ಲಿ ಹೋಗತೈತಿ? ಸಿಗತೈತಿ ತಡಿ,” ಎಂದ ಅನಂತಮ್ಮ ಶಾಮಿಯಾನದ ಕಡೆ ತಿರುಗಿ ಕೈ ಬೀಸಿದಳು.

ಒಬ್ಬಳು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ನೋಡುತ್ತಿದ್ದಂತೆ ರಾಯದುರ್ಗದವರು, ಮಡಕಶಿರಾದವರು ಎಲ್ಲ ಮೆಳೆಯ ಸುತ್ತ ಬಗ್ಗಿ ನಿಂತರು. ಯೂನಿಟ್ಟುಗಳ ಹೆಸರು ಹೊತ್ತ ಟೀಶರ್ಟುಗಳು ಮುಳ್ಳಿಗೆ ಸಿಕ್ಕಿ ಹರಿದವು. ಶಾಮಿಯಾನದಲ್ಲಿ ಖಾಲಿ ಕುರ್ಚಿಗಳು ಉಳಿದವು, ಮೈಕಿನ ಮುಂದೆ ಓನರ್ ಉಳಿದ.

“ವಿಜೇತರು ಹರಿತಾ ಗಾರು! ವೇದಿಕೆಗೆ ಬರಬೇಕು.”

ಅನಂತಮ್ಮ ಹುಡುಕುತ್ತ ಹುಡುಕುತ್ತ ಹರಿತಾಳ ಮೊಣಕಾಲಿನ ಹತ್ತಿರಕ್ಕೇ ಬಂದಿದ್ದಳು. ತಲೆ ಎತ್ತಿದಳು. ಮುಂಗೈ ತುಂಬ ಗೀರು, ಗೀರಿನ ಉದ್ದಕ್ಕೂ ರಕ್ತ.

“ಕರಿಯಾಕತ್ತಾರ ಹೋಗವ್ವ. ಇನ್ನರ ಬೆನ್ನು ಆನಿಸಿ ಕೂಡು. ನಾವು ಹುಡುಕ್ತೀವಿ.”

“ಹರಿತಾ ಗಾರು… ಹರಿತಾ ಗಾರು ಎಲ್ಲಿದ್ದರೂ ಬರಬೇಕು…”

ಅವಳ ಹೆಸರು ಬೆಟ್ಟಕ್ಕೆ ಬಡಿದು ಮತ್ತೆ ಮತ್ತೆ ತಿರುಗಿ ಬರುತ್ತಿತ್ತು. ಹರಿತಾಳಿಗೆ ಕಾಲೆತ್ತಲು ಆಗಲಿಲ್ಲ.