ನಲವತ್ತು ಚಿಟ್ಟೆಗಳು

ಗುಡ್ಡದ ಮೇಲಿನ ಅಳಿವಿನಂಚಿನ ಚಿಟ್ಟೆಗಳು ಎಷ್ಟಿವೆಯೆಂದು ಅಂದಾಜಿಸಲು ನಲವತ್ತನ್ನು ಹಿಡಿದು, ರೆಕ್ಕೆಗೆ ಕೆಂಪು ಚುಕ್ಕೆಯಿಟ್ಟು ಹಾರಿಬಿಟ್ಟು, ನಾನು ವಾರದ ಮಟ್ಟಿಗೆ ಊರಿಗೆ ಹೋಗಿದ್ದೆ. ಮರಳಿ ಬಂದು ಬಲೆ ಬೀಸಿದಾಗ ಚುಕ್ಕೆಯಿಲ್ಲದವು ಎಷ್ಟು ಹೆಚ್ಚು ಸಿಕ್ಕರೆ ಅವುಗಳ ಒಟ್ಟು ಸಂಖ್ಯೆ ಅಷ್ಟು ದೊಡ್ಡದು. ಆದರೆ ಸಿಕ್ಕ ಮೂವತ್ತಕ್ಕೂ ಚುಕ್ಕೆಯಿತ್ತು.

ಅಂದರೆ ಆ ನಲವತ್ತು ಬಿಟ್ಟು ಬೇರೆ ಉಳಿದೇ ಇಲ್ಲ. ನಾನು ಬಂಡೆಯ ಮೇಲೆ ಕುಳಿತುಬಿಟ್ಟೆ. ಇಪ್ಪತ್ತು ವರ್ಷ ಗಂಡನ ಮುಖಕ್ಕಿಂತ ಹೆಚ್ಚು ಇವುಗಳನ್ನೇ ನೋಡಿದ್ದೆ.

ಗುಡ್ಡದ ಬುಡದಲ್ಲೇ ಮನೆಯಿರುವ ನನ್ನ ಸಹಾಯಕಿ ಚಿಕ್ಕತಾಯಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿದಳು.

"ಯಾಕ್ ಅಳ್ತೀರಕ್ಕ?"

"ಚುಕ್ಕೆಯಿಲ್ಲದ್ದು ಒಂದೂ ಸಿಗಲಿಲ್ಲವಲ್ಲೇ."

"ಹೆಂಗ್ ಸಿಕ್ತದೆ? ನಲವತ್ತಕ್ಕೆ ಮಾತ್ರ ಕುಂಕುಮ ಇಟ್ಟು, ಮಿಕ್ಕವನ್ನ ಬರೀ ಹಣೇಲಿ ಕಳ್ಸೋಕಾಯ್ತದಾ? ಇನ್ನೂರಕ್ಕೂ ಮೇಲಿದ್ವು, ನೀವು ಹೋದ್ಮೇಲೆ ಎಲ್ಲಕ್ಕೂ ನಾನೇ ಇಟ್ಟೆ."